ಯಾವುದಾದರೂ ಸರಿ ಎಂದವರ ಮನೆ

ನಮ್ಮ ಚೀಟಿಯಕ್ಕನ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ನಗು ಬರುತ್ತದೆ. ಆರು ವರ್ಷ ಒಂದೇ ಕೋಣೆಯಲ್ಲಿ ಎದುರುಬದುರು ಕೂತು ಕೆಲಸ ಮಾಡಿದ್ದೇವೆ. ಅಷ್ಟು ವರ್ಷದಲ್ಲಿ ನಾನು ತುಂಬಿದ ಒಂದೇ ಒಂದು ಫಾರಮ್ಮನ್ನೂ ಅವಳು ಮೊದಲ ಸಲಕ್ಕೆ ಒಪ್ಪಿದ್ದಿಲ್ಲ. 'ಅವಳು' ಎಂದು ಬರೆಯುತ್ತಿರುವುದಕ್ಕೆ ಯಾರೂ ಬೇಸರ ಮಾಡಿಕೊಳ್ಳಬಾರದು. ನನಗಿಂತ ಹದಿನೆಂಟು ವರ್ಷ ದೊಡ್ಡವಳು, ಆದರೆ ಬಹುವಚನ ಹಚ್ಚಿದರೆ "ಏನೋ, ಈಗಲೇ ಮುದುಕಿ ಮಾಡ್ತಿದ್ದೀಯಾ?" ಎಂದು ಮೇಜಿನ ಮೇಲಿನ ಸ್ಕೇಲಿಗೆ ಕೈ ಹಾಕುತ್ತಾಳೆ.

ನಮ್ಮದು ಮನೆ ಹಂಚುವ ಆಫೀಸು. ಹಳೆಯ ಸಾಲುಮನೆಗಳ ಬದಲು ಹೊಸ ಕಟ್ಟಡ ಕಟ್ಟಿದಾಗ ಯಾವ ಸಂಸಾರ ಯಾವ ಮನೆಗೆ ಹೋಗಬೇಕು ಎಂಬುದನ್ನು ಗೊತ್ತುಮಾಡುವುದು ನಮ್ಮ ಕೆಲಸ. ಲಾಟರಿ ಎತ್ತಿದರೆ ಅರ್ಧ ದಿನದಲ್ಲಿ ಮುಗಿಯುತ್ತದೆ. ನಮ್ಮ ಮೇಡಂ ಲಾಟರಿ ಒಪ್ಪುವವರಲ್ಲ. ಪ್ರತಿ ಸಂಸಾರದವರನ್ನೂ ಯಾವುದು ಎಷ್ಟು ಮುಖ್ಯ ಎಂದು ಕೇಳಬೇಕು, ಅವರ ಮಾತನ್ನು ಅಂಕಿಯ ತೂಕ ಮಾಡಬೇಕು, ಆ ತೂಕ ಹಾಕಿ ಖಾಲಿ ಮನೆಗಳನ್ನೆಲ್ಲ ತೂಗಿ ನೋಡಬೇಕು, ಯಾವುದು ಹೆಚ್ಚು ಒಪ್ಪುತ್ತದೋ ಅದನ್ನು ಕೊಡಬೇಕು. ಕೇಳುವುದು ಚೀಟಿಯಕ್ಕ. ಕಂಪ್ಯೂಟರಿಗೆ ತುಂಬುವುದು ನಾನು. ಈಗ ಹೇಳಹೊರಟಿರುವುದು, ನಾನು ಅವಸರದಲ್ಲಿ ತುಂಬಿದ ಒಂದು ಫಾರಮ್ಮಿನಿಂದ ಒಬ್ಬ ದರ್ಜಿ ಮತ್ತು ಅವರ ಹೆಂಡತಿ ಎಂಬತ್ತೆಂಟು ಮೆಟ್ಟಿಲ ಮೇಲೆ ಸಿಕ್ಕಿಹಾಕಿಕೊಳ್ಳಲಿದ್ದ ಸಂಗತಿ.

ಅವಳ ಹತ್ತಿರ ಏಳು ಚೀಟಿಗಳಿದ್ದವು. ಚಪ್ಪಲಿ ಡಬ್ಬಿಯ ಮುಚ್ಚಳ ಕತ್ತರಿಸಿ ತಾನೇ ಮಾಡಿಕೊಂಡದ್ದು. ಮೆಟ್ಟಿಲು, ಬೆಳಕು, ಜಾಗ, ನೀರು, ಸದ್ದು, ನೆರೆಹೊರೆ, ರಸ್ತೆಗೆ ಹತ್ತಿರ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದಳು. ಯಾವ ಮನೆಗೆ ಹೋದರೂ ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂರುವುದು, ಚೀಟಿಗಳನ್ನು ಅವರ ಕೈಗೇ ಕೊಡುವುದು. ಮುಖ್ಯವಾದದ್ದು ಮೇಲೆ, ಅಲ್ಲದ್ದು ಕೆಳಗೆ. ಎರಡಕ್ಕೂ ಒಂದೇ ತೂಕ ಅನಿಸಿದರೆ ಒಂದರ ಮೇಲೊಂದು ಪೇರಿಸುವುದು. ನಡುವೆ ತುಂಬಾ ಅಂತರ ಇದ್ದರೆ ಏನೂ ಬರೆಯದ ಒಂದೋ ಎರಡೋ ಚೀಟಿ ಇಟ್ಟು ಜಾಗ ಬಿಡುವುದು. ಅಕ್ಷರ ಬಾರದ ಮುದುಕರಿಂದ ಹಿಡಿದು ಕಾಲೇಜಿನ ಮೇಷ್ಟರವರೆಗೆ ಎಲ್ಲರಿಗೂ ಇದು ಐದು ನಿಮಿಷದಲ್ಲಿ ಅರ್ಥವಾಗುತ್ತಿತ್ತು.

ಕಷ್ಟ ಇದ್ದದ್ದು 'ಯಾವುದಾದ್ರೂ ಸರಿ' ಎನ್ನುವವರ ಹತ್ತಿರ. ಹತ್ತರಲ್ಲಿ ಮೂರು ಮನೆಯವರು ಹೀಗೇ ಅನ್ನುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾಳೆ ಯಾರ ಮೇಲೂ ತಪ್ಪು ಬರಬಾರದು. ಅಡ್ಡಗೋಡೆಯ ಮೇಲೆ ದೀಪ ಇಟ್ಟು ನಮ್ಮನ್ನು ಬೇಗ ಹೊರಗೆ ಕಳಿಸಿಬಿಟ್ಟರೆ ಸಾಕು. ಇಂಥವರ ಬಾಯಿ ಬಿಡಿಸುವುದರಲ್ಲಿ ಚೀಟಿಯಕ್ಕನನ್ನು ಮೀರಿಸಿದವರಿಲ್ಲ.

ಆ ವಿದ್ಯೆ ಅವಳಿಗೆ ಬಂದದ್ದು ಚಪ್ಪಲಿ ಅಂಗಡಿಯಿಂದ. ನಮ್ಮ ಆಫೀಸಿಗೆ ಬರುವ ಮೊದಲು ಇಪ್ಪತ್ತೆರಡು ವರ್ಷ ಅಂಗಡಿಯೊಂದರಲ್ಲಿ ಗಿರಾಕಿಗಳ ಪಾದಕ್ಕೆ ಚಪ್ಪಲಿ ತೊಡಿಸಿದ್ದಾಳೆ. "ಕಾಲು ಕಚ್ತಿದ್ರೂ ಚೆನ್ನಾಗಿದೆ ಅಂತಾರೆ ಕಣೋ ಜನ. ಬಾಯಿ ಸುಳ್ಳು ಹೇಳುತ್ತೆ, ಹೆಬ್ಬೆರಳು ಹೇಳಲ್ಲ," ಎನ್ನುತ್ತಿದ್ದಳು. ಅಂಗಡಿ ಮುಚ್ಚಿತು. ನಮ್ಮಲ್ಲಿ ಮೂರು ತಿಂಗಳ ತಾತ್ಕಾಲಿಕ ಕೆಲಸಕ್ಕೆಂದು ಬಂದವಳು ಹನ್ನೊಂದನೇ ವರ್ಷವೂ ತಾತ್ಕಾಲಿಕವಾಗಿಯೇ ಇದ್ದಳು. ಮನೆಯಲ್ಲಿ ತಂಗಿ ಮತ್ತು ತಂಗಿಯ ಗಂಡ. ಅವನ ಜೊತೆ ಫ್ಯಾನಿಗಾಗಿ ದಿನಾ ಜಗಳ, ಇವಳಿಗೆ ಎರಡಕ್ಕಿಡಬೇಕು, ಅವನಿಗೆ ಮೂರಕ್ಕಿಡಬೇಕು. ಅವನು ಊರಿಗೆ ಹೋದ ದಿನ ಫ್ಯಾನು ಮೂರಕ್ಕೇ ಇಟ್ಟುಕೊಂಡು ಕೂರುತ್ತಾಳೆ ಎಂದು ಅವಳ ತಂಗಿಯೇ ನನಗೆ ಹೇಳಿದ್ದು.

'ಯಾವುದಾದ್ರೂ ಸರಿ' ಎಂಬುದನ್ನು ಪರೀಕ್ಷೆ ಮಾಡಲು ಅವಳದೊಂದು ಉಪಾಯವಿತ್ತು, ಚಿಟಿಕೆ ಹಾಕುವುದು ಎಂದು ಅದರ ಹೆಸರು. ಒಬ್ಬರು ಜಾಗ, ನೀರು ಎರಡೂ ಒಂದೇ ಎಂದರು ಅನ್ನಿ. "ಸರಿ, ನೀರು ಚೆನ್ನಾಗಿರೋ ಮನೆಗೆ ಗೋಡೆಲಿ ಒಂದು ಕಪಾಟು ಸೇರಿಸ್ತೀನಿ. ಈಗ?" ಎಂದು ಕೇಳುವಳು. ತಕ್ಕಡಿ ನಿಜವಾಗಿ ಸಮವಾಗಿದ್ದರೆ ಒಂದು ಚಿಟಿಕೆ ಉಪ್ಪಿಗೂ ವಾಲಬೇಕಲ್ಲ? ಹಾಗೆ ಒಂದು ಕಪಾಟಿಗೇ ವಾಲಿದವರು ನಿಜ ಹೇಳಿದವರು, ಅವರ ಎರಡು ಚೀಟಿ ಒಂದರ ಮೇಲೊಂದು ಇರಲಿ. ಕಪಾಟು ಕೊಟ್ಟರೂ ಸರಿ, ಕೊಡದಿದ್ದರೂ ಸರಿ, ನೀವು ಎದ್ದು ಹೋದರೆ ಇನ್ನೂ ಸರಿ ಎನ್ನುವವರು ಸಾಗಹಾಕುವವರು. ಅವರ ಮುಂದೆ ಅವಳು ಇನ್ನಷ್ಟು ಗಟ್ಟಿಯಾಗಿ ಕೂರುತ್ತಿದ್ದಳು. ಬೈಯುವಳು, ನಗಿಸುವಳು, ಅವರ ಅತ್ತೆಯನ್ನು ಕರೆದು ಸಾಕ್ಷಿ ಹೇಳಿಸುವಳು. ಕೊನೆಗೆ ಚೀಟಿಗಳು ಸಾಲಾಗಿ ಕೂತೇ ಕೂರುತ್ತಿದ್ದವು.

ಆ ಸಲ ನಮ್ಮ ಪಾಲಿಗೆ ಬಂದದ್ದು ಗೋದಾಮಿನ ಹಿಂದಿನ ಸಾಲುಮನೆಗಳು. ನಲವತ್ತೆಂಟು ಸಂಸಾರ. ಎದುರಿಗೇ ಹೊಸ ಕಟ್ಟಡ ಎದ್ದಿತ್ತು. ನೆಲದ ಮನೆಗಳು, ಅದರ ಮೇಲೆ ನಾಲ್ಕು ಮಹಡಿ, ಲಿಫ್ಟು ಇಲ್ಲ. ನೆಲದ ಮನೆಗಳಿಗೆ ಮೆಟ್ಟಿಲಿಲ್ಲ, ಆದರೆ ಕಾಂಪೌಂಡು ಗೋಡೆ ಕಿಟಕಿಗೇ ಅಂಟಿಕೊಂಡದ್ದರಿಂದ ಹಗಲಲ್ಲೂ ದೀಪ ಬೇಕು. ಮೇಲೆ ಹೋದಷ್ಟೂ ಬೆಳಕು, ಹೋದಷ್ಟೂ ಮೆಟ್ಟಿಲು. ಮೂರು ವಾರದಲ್ಲಿ ಕೇಳಿ ಮುಗಿಸಿ, ಶುಕ್ರವಾರ ಪಟ್ಟಿ ಅಂಟಿಸಬೇಕು, ಸೋಮವಾರ ಹತ್ತು ಗಂಟೆಗೆ ಎಲ್ಲರೂ ರುಜು ಹಾಕಬೇಕು. ರುಜು ಬಿದ್ದ ಮೇಲೆ ಬದಲಾವಣೆ ಇಲ್ಲ.

ಕೊನೆಯ ಬುಧವಾರ ಅವಳು ದರ್ಜಿಯ ಮನೆಗೆ ಒಬ್ಬಳೇ ಹೋಗಿ ಬಂದಳು. ದರ್ಜಿ ಏಳೂ ಚೀಟಿ ಪೇರಿಸಿ, ಬಟ್ಟೆಯ ಅಂಚು ಸರಿಮಾಡುವ ಹಾಗೆ ನಾಲ್ಕೂ ಕಡೆ ತಟ್ಟಿ ಒಂದೇ ಕಟ್ಟು ಮಾಡಿ ಕೈಗೆ ಕೊಟ್ಟಿದ್ದರಂತೆ. ಅವಳು ಫಾರಮ್ಮಿನ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ 'ಮತ್ತೆ ಹೋಗಬೇಕು' ಎಂದು ಬರೆದಳು. ರಾತ್ರಿಗೆ ಜ್ವರ ಬಂತು. ಗುರುವಾರ, ಶುಕ್ರವಾರ ಎರಡು ದಿನ ಅವಳು ಬರಲಿಲ್ಲ.

ಮೇಡಂ ಪಟ್ಟಿ ಎಲ್ಲಿ, ಪಟ್ಟಿ ಎಲ್ಲಿ ಎಂದು ಗಂಟೆಗೊಂದು ಸಲ ಕೇಳುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಆ ಪೆನ್ಸಿಲ್ ಗುರುತು ನೋಡಿ, ಈ ಹೆಂಗಸಿಗೆ ಇನ್ನೇನು ಬೇಕು, ಏಳೂ ಚೀಟಿ ಒಂದರ ಮೇಲೊಂದು ಇದ್ದರೆ ಏಳೂ ಸಮ ಎಂದು ಅವಳೇ ಅಲ್ಲವೇ ಹೇಳಿಕೊಟ್ಟದ್ದು ಎಂದುಕೊಂಡೆ. ಏಳಕ್ಕೂ ಒಂದೇ ಅಂಕಿ ತುಂಬಿದೆ. ಗುಂಡಿ ಒತ್ತಿದೆ. ಪಟ್ಟಿ ಬಂತು, ಅಂಟಿಸಿದೆ, ಮನೆಗೆ ಹೋಗಿ ಚೆನ್ನಾಗಿ ನಿದ್ದೆ ಮಾಡಿದೆ.

ಶನಿವಾರ ಬೆಳಗ್ಗೆ ಅವಳು ಕಿವಿಗೆ ಹತ್ತಿ ಇಟ್ಟುಕೊಂಡು ಬಂದಳು. ಚೀಲವನ್ನೂ ಇಳಿಸದೆ ಪಟ್ಟಿಯ ಮುಂದೆ ನಿಂತು ಬೆರಳಿಟ್ಟು ಓದಿದಳು. ಮೂವತ್ತೊಂದನೇ ಸಾಲಿನಲ್ಲಿ ಬೆರಳು ನಿಂತಿತು.

"ದರ್ಜಿಯಣ್ಣಂಗೆ ನಾಲ್ಕನೇ ಮಹಡಿ ಕೊಟ್ಟಿದ್ಯಾರು?"

"ಅವ್ರೇ ತಗೊಂಡಿದ್ದು. ಎಲ್ಲಾ ಸಮ ಅಂದ್ರಲ್ಲ."

"ಎಂಬತ್ತೆಂಟು ಮೆಟ್ಟಿಲು ಕಣೋ. ಆ ಅತ್ತಿಗೆ ಸೊಂಟ ಮುರ್ಕೊಂಡು ಎರಡು ವರ್ಷ ಆಯ್ತು. ಕೋಲು ಹಿಡ್ಕೊಂಡು ಅಡ್ಡಡ್ಡ ಹೆಜ್ಜೆ ಇಡ್ತಾರೆ. ಒಂದು ಸಲ ಮೇಲೆ ಹೋದ್ರೆ ಅವ್ರು ಇನ್ನು ಕೆಳಗೆ ಬರಲ್ಲ."

ಆದರೂ ನಾನು ವಾದ ಬಿಡಲಿಲ್ಲ. ಕಂಪ್ಯೂಟರ್ ತೆರೆದು ತೋರಿಸಿದೆ. ನಾಲ್ಕನೇ ಮಹಡಿಯ ಮೂಲೆ ಮನೆ ಬೆಳಕಿಗೆ ಮೊದಲನೆಯದು, ಜಾಗಕ್ಕೆ ಮೊದಲನೆಯದು, ತಲೆಯ ಮೇಲೇ ಟ್ಯಾಂಕಿ ಇರುವುದರಿಂದ ನೀರಿಗೂ ಮೊದಲನೆಯದು, ಸದ್ದೂ ಇಲ್ಲ. ಮೆಟ್ಟಿಲಲ್ಲಿ ಮಾತ್ರ ಕೊನೆಯದು, ಅದು ಏಳರಲ್ಲಿ ಒಂದು ಪಾಲು ಅಷ್ಟೆ. ಎಲ್ಲ ಕೂಡಿದರೆ ಅದೇ ಮೇಲೆ ಬಂತು. ಯಂತ್ರ ತಪ್ಪು ಮಾಡಿಲ್ಲ ಎಂದೆ.

"ಯಂತ್ರ ಮಾಡಿಲ್ಲ, ನೀನು ಮಾಡಿದ್ದೀಯ," ಎಂದಳು. "ಏಳೂ ಸಮ ಅಂದ್ರೆ ಅವ್ರು ಏನೂ ಹೇಳಿಲ್ಲ ಅಂತಲ್ಲ. ಮೆಟ್ಟಿಲೂ ನೀರಿನ ಟ್ಯಾಂಕಿನೂ ನಂಗೆ ಒಂದೇ ಅಂತ ಗಟ್ಟಿಯಾಗಿ ಹೇಳ್ದಂಗೆ ಆಯ್ತು. ಅವ್ರು ಹೇಳದೇ ಇದ್ದಿದ್ದನ್ನ ನೀನು ಹೇಳಿಸಿಬಿಟ್ಟೆ. ನಡಿ."

ಜ್ವರದ ಮೈ, ಬಿಸಿಲು, ಎರಡು ಬಸ್ಸು. ದಾರಿಯುದ್ದಕ್ಕೂ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ.

ದರ್ಜಿಯ ಮನೆ ಎಂದರೆ ಒಂದೇ ಕೋಣೆ. ಬೆಳಕು ಬರುವುದು ಬಾಗಿಲೊಂದರಿಂದಲೇ, ಹಾಗಾಗಿ ಹೊಲಿಗೆ ಮೆಷಿನ್ ಹೊಸ್ತಿಲಿಗೇ ತಾಗಿಕೊಂಡಿತ್ತು. ನಾವು ಒಳಗೆ ಹೋಗಬೇಕಾದರೆ ದರ್ಜಿ ಎದ್ದು ಸ್ಟೂಲು ಎತ್ತಿ ಎದೆಗೆ ಅವಚಿಕೊಂಡು ನಿಲ್ಲಬೇಕಾಯಿತು. ಅರವತ್ತೈದರ ಸಣಕಲು ದೇಹ, ಕುತ್ತಿಗೆಯಲ್ಲಿ ಟೇಪು. ಅವರ ಹೆಂಡತಿ ಮೆಷಿನ್ನಿನ ಪಕ್ಕದ ತಗ್ಗು ಮಂಚದ ಮೇಲೆ ಕಾಲು ಚಾಚಿ ಕೂತು, ಹತ್ತಾರು ಸೂಜಿಗಳಿಗೆ ದಾರ ಪೋಣಿಸಿ ಒಂದು ದಿಂಬಿಗೆ ಚುಚ್ಚಿಡುತ್ತಿದ್ದರು. ದರ್ಜಿಗೆ ಹತ್ತಿರದ ದೃಷ್ಟಿ ಮಂಜು. ಅವರಿಗೆ ಇವರ ಕಣ್ಣು, ಇವರಿಗೆ ಅವರ ಕಾಲು.

"ಪಟ್ಟಿ ನೋಡಿದ್ವಿ," ಎಂದರು ದರ್ಜಿ. "ಒಳ್ಳೇ ಮನೆ ಕೊಟ್ಟಿದ್ದೀರಿ. ಬೆಳಕು ಧಾರಾಳ ಅಂತೆ."

"ಗಾಳಿನೂ ಚೆನ್ನಾಗಿ ಬರುತ್ತಂತೆ," ಎಂದರು ಹೆಂಡತಿ. "ಮೇಲೆ ಕೂತ್ರೆ ಊರೇ ಕಾಣುತ್ತಂತೆ. ನಂಗೂ ಇನ್ನು ಎಲ್ಲಿಗೆ ಹೋಗೋದಿದೆ ಹೇಳಿ."

ನಗುನಗುತ್ತಲೇ ಹೇಳಿದರು. ನಾನು ತಲೆ ತಗ್ಗಿಸಿದೆ.

ಚೀಟಿಯಕ್ಕ ಚೀಲದಿಂದ ಎರಡೇ ಚೀಟಿ ತೆಗೆದಳು, ಮೆಟ್ಟಿಲು ಮತ್ತು ಬೆಳಕು. "ಉಳಿದ ಐದು ನಂಗೆ ಬೇಡ ಅಣ್ಣ. ನೆಲದಲ್ಲಿ ಒಂದು ಕತ್ತಲೆ ಮನೆ ಇದೆ. ಮೇಲೆ ಬೆಳಕಿನ ಮನೆ ಇದೆ. ಯಾವುದು?"

"ಎರಡೂ ಒಂದೇ ಅಕ್ಕ. ಯಾವುದಾದ್ರೂ ಸರಿ."

"ಕೆಳಗಿನ ಮನೆಗೆ ಒಂದು ಕಪಾಟು ಸೇರಿಸ್ತೀನಿ."

"ಒಂದೇ."

"ಕೆಳಗಿಂದು ಬಿಡಿ. ಮೇಲಿನ ಮನೆಗೇ ಕಪಾಟು. ಕತ್ತರಿಸೋಕೆ ಉದ್ದನೇ ಮೇಜು ಬೇರೆ."

"ಒಂದೇ ಅಕ್ಕ."

"ಕೆಳಗೆ ಮೇಜು, ಕಪಾಟು, ಬಾಗಿಲ ಮುಂದೇ ನಲ್ಲಿ."

ದರ್ಜಿ ಕುತ್ತಿಗೆಯ ಟೇಪನ್ನು ತೆಗೆದು ಬೆರಳಿಗೆ ಸುತ್ತತೊಡಗಿದರು. "ಎಲ್ಲಾ ಒಂದೇ," ಎಂದರು. ದನಿ ಸ್ವಲ್ಪ ಒಡೆದಿತ್ತು.

ತಕ್ಕಡಿ ಆ ಕಡೆಗೂ ವಾಲಲಿಲ್ಲ, ಈ ಕಡೆಗೂ ವಾಲಲಿಲ್ಲ. ಇನ್ನು ಇವರ ಕಥೆ ಮುಗಿಯಿತು, ಅಕ್ಕ ಈಗ ಸೆರಗು ಬಿಗಿದು ಕೂರುತ್ತಾಳೆ ಎಂದು ನಾನು ಕಾದೆ. ಬೇರೆ ಮನೆಗಳಲ್ಲಿ ಇದೇ ಹಂತದಲ್ಲಿ ಅವಳ ಗಂಟಲು ಏರುತ್ತಿತ್ತು. ಅವಳು ಬಾಯಿ ತೆರೆದಳು, ಹಾಗೇ ಮುಚ್ಚಿದಳು. ಎರಡೂ ಚೀಟಿ ಎತ್ತಿ ಚೀಲಕ್ಕೆ ಹಾಕಿ ಗುಂಡಿ ಹಾಕಿಬಿಟ್ಟಳು.

ಆಮೇಲೆ ಕಾಲು ಚಾಚಿಕೊಂಡು ಹರಟೆಗೆ ಕೂತಳು. "ಅತ್ತಿಗೆ, ಸೊಂಟ ತೋರ್ಸೋಕೆ ಎಲ್ಲಿಗೆ ಹೋಗ್ತೀರಿ?" ಅಂತೆ. ಯಾವ ಆಸ್ಪತ್ರೆ, ಯಾವ ಡಾಕ್ಟರು, ಅಲ್ಲಿ ಮೆಟ್ಟಿಲು ಎಷ್ಟು ಅಂತೆ. ಸೋಮವಾರ ಹತ್ತಕ್ಕೆ ರುಜು, ಇವಳಿಗೆ ಡಾಕ್ಟರ ಚಿಂತೆ! ನಾನು ಒಳಗೊಳಗೇ ಕುದಿಯುತ್ತಿದ್ದೆ.

"ಹನ್ನೆರಡು ಮೆಟ್ಟಿಲು ಇದೆ," ಎಂದರು ದರ್ಜಿಯ ಹೆಂಡತಿ. "ಪಕ್ಕದಲ್ಲಿ ಕಂಬಿ ಇದೆಯಲ್ಲ, ಹಿಡ್ಕೊಂಡು ಹತ್ತಿಬಿಡ್ತೀನಿ. ವಾರಕ್ಕೆ ಎರಡು ಸಲ. ಅಷ್ಟು ನಂಗೊಂದು ಲೆಕ್ಕನೇ ಅಲ್ಲ. ಅದರ ಮೇಲೆ ಇನ್ನೊಂದು ಸಾಲು ಇದೆ, ಎಕ್ಸ್‌ರೇ ಕೋಣೆಗೆ. ಅಲ್ಲಿಗೆ ಹೊತ್ಕೊಂಡೇ ಹೋಗಬೇಕು."

"ನಾನೇ ಹೊತ್ತಿದ್ದೆ," ಎಂದರು ದರ್ಜಿ.

"ನನ್ನ ಹೊತ್ತಿದ್ದು ಆಸ್ಪತ್ರೆಯ ಇಬ್ಬರು ಆಳು. ಇವ್ರು ಹೊತ್ತಿದ್ದು ನನ್ನ ಚಪ್ಪಲಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಚೀಟಿಯಕ್ಕ ದರ್ಜಿಯ ಕಡೆ ತಿರುಗಿ, ಕಪ್ಪು ಬಟ್ಟೆ ಹೊಲಿಯುವುದು ಎಷ್ಟು ಗಂಟೆವರೆಗೆ ಎಂದು ಕೇಳಿದಳು.

"ನಾಲ್ಕರ ಮೇಲೆ ಕಪ್ಪು ಬಟ್ಟೆ ಮುಟ್ಟಲ್ಲ. ನಾಲ್ಕರ ಮೇಲೆ ಮೆಷಿನ್‌ಗೇ ರಜೆ. ಗುಂಡಿ, ಕಾಜಾ, ಅಂಚು, ಅದೆಲ್ಲ ಇವಳ ಪಾಲು."

"ಹಂಗಾದ್ರೆ ಕಿಟಕಿಲಿ ನಾಲ್ಕರ ತನಕ ಬೆಳಕಿದ್ರೆ ಸಾಕಾ, ಕತ್ತಲಾಗೋವರೆಗೂ ಬೇಕಾ?"

"ನಾಲ್ಕರ ಮೇಲೆ ಇದ್ರೂ ಒಂದೇ, ಇಲ್ಲದಿದ್ರೂ ಒಂದೇ," ಎಂದು ಭುಜ ಕುಣಿಸಿ ದರ್ಜಿ ಸೂಜಿಯೊಂದನ್ನು ದಿಂಬಿಗೆ ಚುಚ್ಚಿದರು.

ಅಷ್ಟೆ. ಚಹಾ ಕುಡಿದು ಎದ್ದೆವು. ಬೀದಿಯ ತಿರುವು ದಾಟಿದ್ದೇ ನಾನು ಸಿಡಿದೆ. ಬಂದ ಕೆಲಸ ಬಿಟ್ಟು ಊರ ಪುರಾಣ ಕೇಳಿದೆ, ಇನ್ನೊಂದು ಪಟ್ಟು ಹಾಕಿದ್ದರೆ ಬಾಯಿ ಬಿಡುತ್ತಿದ್ದರು, ನಿನಗೆ ವಯಸ್ಸಾಯಿತು ಎಂದೆಲ್ಲ ಬಾಯಿಗೆ ಬಂದದ್ದು ಅಂದೆ. ಅವಳು ಪೂರ್ತಿ ಅನ್ನಿಸಿಕೊಂಡಳು.

"ಅವ್ರು ಎರಡು ಥರ 'ಒಂದೇ' ಅಂದ್ರು, ಕೇಳಿಸ್ಕೊಂಡ್ಯಾ?" ಎಂದಳು. "ಕೊನೇಲಿ ನಾಲ್ಕು ಗಂಟೆ ವಿಷಯಕ್ಕೆ ಅಂದ್ರಲ್ಲ, ಅದು ನಿಜವಾದ ಒಂದೇ. ಮುಂಚೆ ಅಂದಿದ್ದು ಸಮ ಅಂತ ಅಲ್ಲ. ಸಾಗಹಾಕೋಕೂ ಅಲ್ಲ. ಇಷ್ಟು ವರ್ಷ ಚಿಟಿಕೆಗೆ ವಾಲದೇ ಇದ್ರೆ ಕಳ್ಳರು ಅನ್ಕೊಂಡಿದ್ದೆ. ಈ ಮನುಷ್ಯ ತಕ್ಕಡಿಗೇ ಹಾಕಲ್ಲ ಅಂತಿದ್ದಾನೆ. ಒಂದು ಕಡೆ ಹೆಂಡ್ತಿ ಕಾಲು, ಇನ್ನೊಂದು ಕಡೆ ಅವನ ಕೈಕೆಲಸ. ಅತ್ತ ದರಿ, ಇತ್ತ ಪುಲಿ. ಯಾವುದು ಹೆಚ್ಚು ಅಂತ ಕೇಳಿದ್ರೆ ಏನಂತಾನೆ?"

"ಹಂಗಾದ್ರೆ ತೂಕ ಎಲ್ಲಿಂದ ತರೋದು?"

"ತರೋದು ಬೇಡ. ಹನ್ನೆರಡು ಮೆಟ್ಟಿಲ ತನಕ ಆಕೆಗೆ ಎಲ್ಲಾ ಒಂದೇ. ನಾಲ್ಕರ ತನಕ ಬೆಳಕಿದ್ರೆ ಆಮೇಲೆ ಅವನಿಗೆ ಎಲ್ಲಾ ಒಂದೇ. ಈ ಎರಡರೊಳಗೆ ಕೂರೋ ಮನೆ ಹುಡುಕು."

ನಾನು ಬೀದಿಯಲ್ಲೇ ನಿಂತುಬಿಟ್ಟೆ. ವಾಪಸ್ ಆಫೀಸಿಗೆ ಹೋಗಿ ಕಂಪ್ಯೂಟರ್ ತೆರೆದೆ. ಹನ್ನೆರಡರೊಳಗಿನ ಮೆಟ್ಟಿಲಿಗೆಲ್ಲ ಒಂದೇ ಅಂಕ ಕೊಟ್ಟೆ, ನಾಲ್ಕರ ತನಕ ಬೆಳಕಿರುವ ಕಿಟಕಿಗಳಿಗೆಲ್ಲ ಒಂದೇ ಅಂಕ ಕೊಟ್ಟೆ. ಹಂಚುವ ಪಟ್ಟಿಯಲ್ಲಿ ಅಂಥ ಮನೆ ಒಂದೂ ಇರಲಿಲ್ಲ. ಕಟ್ಟಡದ ಪೂರ್ತಿ ನಕ್ಷೆ ತೆಗೆದಾಗ ಒಂದು ಸಿಕ್ಕಿತು. ನೆಲಕ್ಕೂ ಮೊದಲ ಮಹಡಿಗೂ ನಡುವೆ, ಮೆಟ್ಟಿಲು ತಿರುಗುವ ಕಡೆ, ಪಂಪಿನ ಕೋಣೆಯ ಮೇಲೆ ಒಂದು ಮನೆ. ಹನ್ನೊಂದು ಮೆಟ್ಟಿಲು, ರಸ್ತೆಗೆ ತೆರೆದ ದೊಡ್ಡ ಕಿಟಕಿ. ಚಾವಣಿ ಸ್ವಲ್ಪ ತಗ್ಗು, ಕೆಳಗೆ ಪಂಪಿನ ಗುಂಯ್‌ಗುಡುವ ಸದ್ದು. ನಲವತ್ತೆಂಟು ಸಂಸಾರದಲ್ಲಿ ಯಾರಿಗೂ ಅದು ಒಪ್ಪುವ ಮನೆಯಲ್ಲ ಎಂದು ಕಟ್ಟಿದವರೇ ಮೊದಲೇ ತೀರ್ಮಾನಿಸಿದ್ದರು. ಹಾಗಾಗಿ ಸಾಮಾನು ಕೋಣೆ ಎಂದು ತೆಗೆದಿಟ್ಟಿದ್ದರು. ಈಗ ದರ್ಜಿಯ ಹೆಸರಿಗೆ ಲೆಕ್ಕ ಹಾಕಿದರೆ, ಮೆಟ್ಟಿಲಿಗೆ ಹೆಚ್ಚು ತೂಕ ಕೊಟ್ಟರೂ ಅದೇ ಮೇಲೆ, ಬೆಳಕಿಗೆ ಕೊಟ್ಟರೂ ಅದೇ ಮೇಲೆ. ಅವರು ಬಾಯಿ ಬಿಡುವ ಅಗತ್ಯವೇ ಇರಲಿಲ್ಲ.

ಇಷ್ಟಕ್ಕೆ ಅವಳು ಒಪ್ಪುತ್ತಾಳೆಯೇ? "ನಕ್ಷೆಲಿ ಬಿಸಿಲು ಬೀಳಲ್ಲ," ಎಂದಳು. ಭಾನುವಾರ ಇಡೀ ದಿನ ನಾವಿಬ್ಬರೂ ಆ ಖಾಲಿ ಮನೆಯಲ್ಲಿ ಕೂತೆವು. ಅವಳು ಫ್ಲಾಸ್ಕಿನಲ್ಲಿ ಚಹಾ ತಂದಿದ್ದಳು, ಒಂದು ಕಪ್ಪು ಬಟ್ಟೆಯ ತುಂಡು, ಕಪ್ಪು ದಾರ ಹಾಕಿದ ಸೂಜಿಯೂ ತಂದಿದ್ದಳು. ಅರ್ಧ ಗಂಟೆಗೊಂದು ಸಲ ಕಿಟಕಿಯ ಪಕ್ಕ ಕೂತು ನಾಲ್ಕು ಹೊಲಿಗೆ ಹಾಕಿ ಕಾಣುತ್ತದೆಯೇ ಎಂದು ನೋಡುವುದು, ನನ್ನ ಕೈಲಿ ಬರೆಸುವುದು. ಪಂಪು ಶುರುವಾದಾಗ ಇಬ್ಬರೂ ಕಿರುಚಿಕೊಂಡೇ ಮಾತಾಡಬೇಕಾಯಿತು. ನಾಲ್ಕೂ ಇಪ್ಪತ್ತಕ್ಕೆ ಎದುರಿನ ಗೋದಾಮಿನ ನೆರಳು ಕಿಟಕಿಗೆ ಬಂತು. "ಇಪ್ಪತ್ತು ನಿಮಿಷ ಲಾಭ," ಎಂದು ನನ್ನ ಬೆನ್ನಿಗೆ ಗುದ್ದಿದಳು. ಆ ಗುದ್ದಿನಲ್ಲಿ ಅವಳಿಗೆ ನನ್ನ ಮೇಲಿದ್ದ ಸಿಟ್ಟು ಇಳಿದಿದ್ದು ಗೊತ್ತಾಯಿತು. ನನಗೆ ಬಹಳ ಸಂತೋಷವಾಯಿತು.

ಸೋಮವಾರ ಒಂಬತ್ತಕ್ಕೇ ಮೇಡಂ ಎದುರು ನಿಂತೆವು. ಅವರು ತಲೆ ಎತ್ತಿ "ಏನು?" ಎಂದಷ್ಟೇ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ನಾನು ಎಲ್ಲ ಒದರಿಬಿಟ್ಟೆ. ಗುರುತು ಇದ್ದದ್ದು, ನೋಡಿಯೂ ನೋಡದವನಂತೆ ಸಮ ಎಂದು ತುಂಬಿದ್ದು, ಅಂಥ ಗುರುತಿನ ಇನ್ನೂ ಆರು ಫಾರಂಗಳನ್ನೂ ಹಾಗೇ ತುಂಬಿದ್ದು. ಮೇಡಂ ಬಯ್ದರು. ಪೂರ್ತಿ ಬರೆದರೆ ನನ್ನ ಹೆಂಡತಿ ಓದುತ್ತಾಳೆ, ಬೇಡ. ಚೀಟಿಯಕ್ಕ ನನ್ನ ಪರ ಒಂದು ಮಾತೂ ಆಡಲಿಲ್ಲ, ಪಕ್ಕದಿಂದ ಕದಲಲೂ ಇಲ್ಲ.

"ಆದ್ರೆ ಆ ಮನೆ ಸಾಮಾನಿಗೆ ಅಂತ ಇಟ್ಟಿದ್ದಲ್ಲ," ಎಂದರು ಮೇಡಂ ಕೊನೆಗೆ.

"ಪೊರಕೆ, ಬಕೆಟ್ಟಿಗೆ ಬೆಳಕು ಯಾಕೆ ಮೇಡಂ?" ಎಂದಳು ಅಕ್ಕ. "ಅವು ಕತ್ತಲೆ ಮನೇಲೇ ಇರಲಿ. ಅವಕ್ಕೆ ಯಾವುದಾದ್ರೂ ಸರಿ."

ಮೇಡಂ ನಗು ತಡೆಯಲು ಕನ್ನಡಕ ಒರೆಸಿಕೊಂಡರು. ರುಜು ಮೂರು ದಿನ ಮುಂದಕ್ಕೆ ಹೋಯಿತು. ಉಳಿದ ಆರು ಮನೆಗೂ ನಾನೇ ಹೋಗಿ, ನೆಲದ ಮೇಲೆ ಕೂತು, ತಪ್ಪಾಯಿತು ಎಂದು ಹೇಳಿ ಮತ್ತೆ ಕೇಳಬೇಕೆಂದು ಅಕ್ಕ ಅಪ್ಪಣೆ ಮಾಡಿದಳು. ಹೋದೆ. ಅದರಲ್ಲಿ ನಾಲ್ವರು ಸಾಗಹಾಕುವವರೇ, ಆ ವಿಷಯ ಇನ್ನೊಮ್ಮೆ.

ತಿಂಗಳಾದ ಮೇಲೆ ಮನೆ ಬದಲಾಯಿಸುವ ದಿನ ಸಾಮಾನು ಎತ್ತಲು ನಾನೂ ಕೈ ಹಾಕಿದೆ. ಮೆಷಿನ್ನನ್ನು ಕಿಟಕಿಯ ಕೆಳಗೆ ಇಳಿಸಿದ್ದೇ ದರ್ಜಿ ಒಂದು ಕರಿ ಪ್ಯಾಂಟು ಎತ್ತಿಕೊಂಡು ಕೂತುಬಿಟ್ಟರು, ಪಾತ್ರೆಗಳು ಇನ್ನೂ ಬೀದಿಯಲ್ಲಿದ್ದವು. ಕೆಳಗಿನ ಪಂಪು ಶುರುವಾದರೆ, "ಇದಕ್ಕೊಂದು ಜೊತೆ ಸಿಕ್ತು," ಎಂದು ಮೆಷಿನ್ನಿನ ಬೆನ್ನು ತಟ್ಟಿದರು.

ಅವರ ಹೆಂಡತಿ ಕಂಬಿ ಹಿಡಿದು, ಐದನೇ ಮೆಟ್ಟಿಲಲ್ಲಿ ನಿಂತು, ಮತ್ತೆ ಹತ್ತಿ ಬಂದರು. ಬಾಗಿಲಲ್ಲಿ ಉಸಿರು ಬಿಡುತ್ತ ನನ್ನ ಹೆಗಲ ಮೇಲೆ ಕೈ ಇಟ್ಟುಕೊಂಡರು. ಒಳಗಿನವರಿಗೆ ಕೇಳದ ಹಾಗೆ ಮೆಲ್ಲಗೆ ಹೇಳಿದರು.

"ಆವತ್ತು ನಿಮ್ಮಕ್ಕ ಇನ್ನೊಂದು ಸಲ ಕೇಳಿದ್ರೆ ಅವ್ರು ಹೇಳಿಬಿಡ್ತಿದ್ರಪ್ಪ. ನನ್ನ ಕಾಲೇ ಹೆಚ್ಚು ಅಂತಿದ್ರು. ನಂಗೊತ್ತು. ಆಮೇಲೆ ಆ ಕತ್ತಲೆ ಮನೇಲಿ ಕೈ ಕಟ್ಕೊಂಡು ಕೂತಿರೋ ಗಂಡನ್ನ ನಾನು ದಿನಾ ನೋಡ್ಬೇಕಿತ್ತು. ಹಂಗಂತ ಬೆಳಕೇ ಹೆಚ್ಚು ಅಂದಿದ್ರೆ? ಅದನ್ನ ಕೇಳಿಸ್ಕೊಂಡು ನಾನು ಹೆಂಗೆ ಇರ್ತಿದ್ದೆ? ನಲವತ್ತು ವರ್ಷದಲ್ಲಿ ನಾನು ಹೆಚ್ಚೋ ಕೆಲಸ ಹೆಚ್ಚೋ ಅಂತ ನಮ್ಮ ಮಧ್ಯೆ ಆ ಮಾತು ಬಂದೇ ಇಲ್ಲ. ಉಸಿರು ಬಿಗಿ ಹಿಡ್ಕೊಂಡು ಕೂತಿದ್ದೆ ನಾನು. ನಿಮ್ಮಕ್ಕ ಕೇಳ್ಲಿಲ್ಲವಲ್ಲ, ಅಷ್ಟೇ ದೊಡ್ಡ ಉಪಕಾರ."

ಒಂದು ಪಾತ್ರೆಯ ಗಂಟು ತರುವ ನೆಪ ಮಾಡಿ ಕೆಳಗೆ ಇಳಿದೆ.

ಸಂಜೆ ಆಫೀಸಿನಲ್ಲಿ ಈ ಮಾತನ್ನು ಇದ್ದ ಹಾಗೇ ಚೀಟಿಯಕ್ಕನಿಗೆ ಹೇಳಿದೆ. ಹಿಗ್ಗುತ್ತಾಳೆ ಎಂದುಕೊಂಡಿದ್ದೆ. ಅವಳು ಚೀಲದಿಂದ ಚೀಟಿಗಳನ್ನು ತೆಗೆದು ಮೇಜಿನ ಮೇಲಿಟ್ಟಳು.

"ಬಾಯಿ ತುದಿಗೆ ಬಂದಿತ್ತು ಕಣೋ," ಎಂದಳು. "ಕೇಳೇಬಿಡ್ತಿದ್ದೆ. ಅಷ್ಟರಲ್ಲಿ ಆಕೆ ಮುಖ ನೋಡಿದೆ. ಹೊಡೀಬೇಡಿ ಅಂತ ಕೈ ಅಡ್ಡ ಹಿಡಿಯೋರ ಮುಖ ಇರುತ್ತಲ್ಲ, ಹಂಗಿತ್ತು."

"ಒಳ್ಳೇದೇ ಆಯ್ತಲ್ಲ ಅಕ್ಕ. ನೀನು ಕೇಳ್ಲಿಲ್ಲವಲ್ಲ."

"ಆ ಮನೇಲಿ ಕೇಳ್ಲಿಲ್ಲ," ಎಂದಳು. "ಹನ್ನೊಂದು ವರ್ಷ ಎಷ್ಟು ಮನೆಗೆ ಹೋಗಿದ್ದೀನಿ. ಬಾಯಿ ಬಿಡಿಸೋದ್ರಲ್ಲಿ ನನ್ನ ಬಿಟ್ರಿಲ್ಲ ಅಂತ ಮೆರೀತಿದ್ದೆ. ಹೇಳಿಸೋವಾಗ ಹೇಳೋರ ಮುಖ ನೋಡ್ತಿದ್ನೇ ಹೊರತು ಪಕ್ಕದಲ್ಲಿ ಕೂತೋರ ಮುಖ ಒಂದು ದಿನಾನೂ ನೋಡ್ಲಿಲ್ಲ."

ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವಳ ಚೀಲವನ್ನು ನಾನೇ ಹೆಗಲಿಗೆ ಹಾಕಿಕೊಂಡು, ಬೇಡ ಎಂದರೂ ಬಿಡದೆ, ಬಸ್ ನಿಲ್ದಾಣದವರೆಗೆ ಜೊತೆಗೆ ನಡೆದೆ.